ಕೆಲಸ ಮೊದಲು, ಸಭೆ ಆಮೇಲೆ: ಶಿಕ್ಷಕರು, ಮಕ್ಕಳು, ಪೋಷಕರು, ಹೆಡ್‌ಮಾಸ್ಟರ್ ಒಟ್ಟಾಗಿ ಕೆಲಸ ಮಾಡುವುದು ಹೇಗೆ?

ಪೋಷಕರ ಸಭೆಗೆ ಬನ್ನಿ ಅಂತ ನೂರು ಮನೆಗೆ ಚೀಟಿ ಕಳಿಸುತ್ತೇವೆ. 15 ಜನ ಬರುತ್ತಾರೆ. ಸ್ವಾಗತ ಆಗುತ್ತದೆ, ಭಾಷಣ ಆಗುತ್ತದೆ, ಟೀ ಆಗುತ್ತದೆ, ನಡಾವಳಿ ಪುಸ್ತಕದಲ್ಲಿ ಸಹಿ ಬೀಳುತ್ತದೆ. ಮರುದಿನದಿಂದ ಎಲ್ಲ ಮೊದಲಿನ ಹಾಗೇ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ನನಗೆ ಇದು ಚೆನ್ನಾಗಿ ಗೊತ್ತು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಸಿಗುವ ಸ್ನೇಹಿತರು ಕೂಡ ಪ್ರತಿ ಸಲ ಕೇಳುವುದು ಇದನ್ನೇ: "ಎಷ್ಟು ಕರೆದರೂ ಬರಲ್ಲ, ಬಂದರೂ ಏನೂ ಆಗಲ್ಲ. ಏನು ಮಾಡೋದು?"

ನಾವು ಎಡವುತ್ತಿರುವುದು ಕ್ರಮದಲ್ಲಿ. ಮೊದಲು ಸಭೆ ಕರೆಯುತ್ತೇವೆ, ಆಮೇಲೆ ಅದಕ್ಕೊಂದು ಕೆಲಸ ಹುಡುಕುತ್ತೇವೆ. ಇದನ್ನು ತಿರುಗಿಸಬೇಕು. ಕೆಳಗಿನ ಹಂತಗಳಿಗೆ ಒಟ್ಟು 8 ವಾರ ಬೇಕು: ತಯಾರಿಗೆ 2, ಕೆಲಸಕ್ಕೆ 6. ಇಡೀ ಶಾಲೆಗೆ ಒಮ್ಮೆಲೇ ಕೈ ಹಾಕಬೇಡಿ. ಒಂದು ಅಥವಾ ಎರಡು ತರಗತಿ ಸಾಕು.

ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ಉದ್ದನೆಯ ನೋಟ್‌ಬುಕ್. ಬಾಯಿ ಮುಚ್ಚಿದ ಒಂದು ರಟ್ಟಿನ ಡಬ್ಬ. ಒಂದಷ್ಟು ಖಾಲಿ ಚೀಟಿ. ಜೊತೆಗೆ ಒಂದು ಪಟ್ಟಿ. ಈ ಪಟ್ಟಿಯೇ ಮುಖ್ಯ.

ಪಟ್ಟಿಯಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಮೂರು ಸಂಗತಿ ಇರಲಿ: ಮನೆಯಲ್ಲಿ ಮಗುವನ್ನು ನಿಜವಾಗಿ ನೋಡಿಕೊಳ್ಳುವವರು ಯಾರು, ಮನೆ ಯಾವ ಓಣಿಯಲ್ಲಿದೆ, ಸಂಜೆ ಹೊತ್ತು ಫೋನ್ ಯಾರ ಕೈಯಲ್ಲಿರುತ್ತದೆ. ದಾಖಲಾತಿ ಪುಸ್ತಕದ ನಂಬರನ್ನು ನೆಚ್ಚಿಕೊಳ್ಳಬೇಡಿ. ಎಷ್ಟೋ ಸಲ ಅದು ಪಕ್ಕದ ಮನೆಯವರದ್ದು, ಇಲ್ಲವೇ ಊರು ಬಿಟ್ಟು ಹೋದ ಚಿಕ್ಕಪ್ಪನದ್ದು. ಅಪ್ಪ ಅಮ್ಮ ಬೆಂಗಳೂರಲ್ಲಿ ದುಡಿಯುತ್ತಿದ್ದಾರೆ, ಮಗು ಅಜ್ಜಿ ಹತ್ತಿರ ಇದೆ ಅಂದರೆ ನಿಮ್ಮ ಪಾಲಿಗೆ ಪೋಷಕರು ಆ ಅಜ್ಜಿಯೇ. ಅವರನ್ನು ಬಿಟ್ಟು ಯಾರನ್ನು ಕರೆದರೂ ಪ್ರಯೋಜನ ಇಲ್ಲ.

ಹಂತ 1: ಹೆಡ್‌ಮಾಸ್ಟರ್ ಜೊತೆ 20 ನಿಮಿಷ

ಹೆಡ್‌ಮಾಸ್ಟರ್ ಒಪ್ಪದೆ ಯಾವುದೂ ನಿಲ್ಲುವುದಿಲ್ಲ. ಆದರೆ "ಸರ್, ಪೋಷಕರನ್ನು ಜಾಸ್ತಿ ಸೇರಿಸಿಕೊಳ್ಳೋಣ" ಅಂತ ಹೇಳಿದರೆ "ಮಾಡಿ ಮಾಡಿ" ಅಂತಾರೆ, ಅಲ್ಲಿಗೇ ಮುಗಿಯುತ್ತದೆ. ಕೇಳುವುದನ್ನು ಬಿಡಿಸಿ ಕೇಳಿ. 6 ವಾರ ಈ ತರಗತಿಗೆ ದಿನಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಈ ಶಿಕ್ಷಕರಿಗೆ ಬೇರೆ ಯಾವ ಕೆಲಸವನ್ನೂ ಹೇಳಬಾರದು. ಕೊನೆಯಲ್ಲಿ ಏನಾಯಿತು ಅಂತ ಪೋಷಕರ ಮುಂದೆ ಹೆಡ್‌ಮಾಸ್ಟರ್ ಕೂಡ ಬಂದು ಹೇಳಬೇಕು.

ಮೂರನೆಯದನ್ನು ಕೇಳಲು ಮುಜುಗರ ಆಗಬಹುದು. ಆದರೂ ಕೇಳಿ. ಕೆಲಸ ಹಂಚುವುದು ಹೆಡ್‌ಮಾಸ್ಟರ್, ಲೆಕ್ಕ ಕೊಡುವುದು ಮಾತ್ರ ಉಳಿದವರು ಅಂತಾದರೆ ಪೋಷಕರು ಅದನ್ನು ಮೊದಲ ದಿನವೇ ಗುರುತಿಸುತ್ತಾರೆ.

ಎಚ್ಚರಿಕೆ: "ಮೊದಲು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಒಪ್ಪಿಗೆ ಆಗಲಿ" ಅನ್ನುವ ಉತ್ತರ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಅದು ಸರಿಯಾದ ಮಾತೇ. ಅವತ್ತು ಸಂಜೆಯೇ ಅಧ್ಯಕ್ಷರ ಮನೆಗೆ ಹೋಗಿ ಬನ್ನಿ. ಆಮೇಲೆ ಬೇರೆಯವರ ಬಾಯಿಂದ ಅವರಿಗೆ ವಿಷಯ ತಿಳಿದರೆ ಸರಿಪಡಿಸುವುದು ಕಷ್ಟ.

ಹಂತ 2: ದೊಡ್ಡವರಿಗಿಂತ ಮುಂಚೆ ಮಕ್ಕಳನ್ನು ಕೇಳಿ

ಸಾಮಾನ್ಯವಾಗಿ ಮಕ್ಕಳನ್ನು ಕೇಳುವುದೇ ಇಲ್ಲ. ಕೇಳಿದರೂ ಶಾಲಾ ಸಂಸತ್ತಿನ ಪ್ರಧಾನಿ ಆದ ಜಾಣ ಮಗುವನ್ನು ಮಾತ್ರ ಕೇಳುತ್ತೇವೆ. ಕಷ್ಟ ಇರುವುದು ಹಿಂದಿನ ಸಾಲಿನಲ್ಲಿ.

ಪ್ರತಿ ಮಗುವಿಗೂ ಎರಡು ಚೀಟಿ ಕೊಡಿ. ಹೆಸರು ಬರೆಯುವುದು ಬೇಡ. ಒಂದರಲ್ಲಿ "ಶಾಲೆಯಲ್ಲಿ ನನಗೆ ಕಷ್ಟ ಆಗೋದು", ಇನ್ನೊಂದರಲ್ಲಿ "ಮನೆಯಲ್ಲಿ ಓದೋಕೆ ಕಷ್ಟ ಆಗೋದು". ಬರೆಯಲು ಬಾರದ ಮಕ್ಕಳು ಚಿತ್ರ ಬಿಡಿಸಲಿ. ಕಾಗುಣಿತ ತಿದ್ದಬೇಡಿ. ಆ ಹೊತ್ತಿನಲ್ಲಿ ಬೆಂಚುಗಳ ಮಧ್ಯೆ ಓಡಾಡಲೂಬೇಡಿ. ಡಬ್ಬದಲ್ಲಿ ಹಾಕಿಸಿ, ಒಬ್ಬರೇ ಕೂತು ಓದಿ.

ಇಲ್ಲಿ ನಾನೊಂದು ತಪ್ಪು ಮಾಡಿದ್ದೆ. ಒಂದು ವರ್ಷ ಆ ಚೀಟಿಗಳನ್ನು ತರಗತಿಯಲ್ಲೇ ಜೋರಾಗಿ ಓದಿದೆ. "ರಾತ್ರಿ ಅಪ್ಪ ಕುಡಿದು ಬರ್ತಾರೆ, ಲೈಟ್ ಆರಿಸ್ತಾರೆ" ಅಂತ ಒಂದರಲ್ಲಿತ್ತು. ಹೆಸರು ಇರಲಿಲ್ಲ, ಆದರೆ ಯಾರದ್ದು ಅಂತ ಇಡೀ ತರಗತಿಗೆ ಗೊತ್ತಾಯಿತು. ಆ ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ. ನಾನೇ ಮನೆಗೆ ಹೋಗಿ ಕರೆದುಕೊಂಡು ಬಂದೆ. ಆ ವರ್ಷ ಮತ್ತೆ ಯಾವ ಮಗುವೂ ನನಗೆ ನಿಜ ಬರೆದುಕೊಡಲಿಲ್ಲ. ನೀವು ಈ ತಪ್ಪು ಮಾಡಬೇಡಿ.

ಎಚ್ಚರಿಕೆ: ಮಗುವಿಗೆ ಹೊಡೆತ ಬೀಳುತ್ತಿದೆ ಅಂತಲೋ, ಯಾರೋ ಕೆಟ್ಟದಾಗಿ ಮುಟ್ಟುತ್ತಾರೆ ಅಂತಲೋ ಚೀಟಿಯಲ್ಲಿದ್ದರೆ ಅದು ಸಭೆಯ ವಿಷಯ ಅಲ್ಲವೇ ಅಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ಸಂಗತಿಯಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. "ಊರಲ್ಲೇ ಮಾತಾಡಿ ಮುಗಿಸೋಣ" ಅನ್ನುವವರ ಮಾತು ಕೇಳಬೇಡಿ. ಇನ್ನು ಶಾಲೆಯಲ್ಲೇ ಹೊಡೆಯುತ್ತಾರೆ ಅಂತ ಬರೆದಿದ್ದರೆ, ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಆ ಮಾತು ಹೆಡ್‌ಮಾಸ್ಟರ್ ಹತ್ತಿರ ಅವತ್ತೇ ಆಗಬೇಕು.

ಹಂತ 3: ಬಾರದವರ ಮನೆಗೆ ನೀವೇ ಹೋಗಿ

ಸಭೆಗೆ ಬರುವವರ ಮಕ್ಕಳು ಹೇಗೋ ಓದಿಕೊಳ್ಳುತ್ತಾರೆ. ಕೆಲಸ ಇರುವುದು ಬಾರದವರ ಹತ್ತಿರ. ಹಿಂದಿನ ಎರಡು ಸಭೆಯ ಸಹಿ ನೋಡಿ, ಒಮ್ಮೆಯೂ ಬಾರದವರನ್ನು ಗುರುತು ಮಾಡಿಕೊಳ್ಳಿ. ಸಂಜೆ 6ರ ಮೇಲೆ ಹೋಗಿ. ದಿನಕ್ಕೆ 3 ಮನೆಗಿಂತ ಜಾಸ್ತಿ ಬೇಡ.

ಯಾಕೆ ಬರುವುದಿಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ. ಒಂದು ದಿನದ ಕೂಲಿ ಹೋಗುತ್ತದೆ. "ನಮಗೆ ಓದು ಬರಲ್ಲ ಮೇಡಂ, ಬಂದು ಏನ್ ಮಾಡೋದು" ಅನ್ನುವ ಸಂಕೋಚ. ಬಂದರೆ ದುಡ್ಡು ಕೇಳುತ್ತಾರೆ ಅನ್ನುವ ಭಯ. ಹಿಂದೊಮ್ಮೆ ಎಲ್ಲರ ಮುಂದೆ ಮಗನ ಮಾರ್ಕ್ಸ್ ಓದಿ ಅವಮಾನ ಮಾಡಿದ ನೆನಪು. ಈ ಕೊನೆಯದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಮನೆಗಳಲ್ಲಿದೆ. ಆ ತಪ್ಪು ನಮ್ಮದು. ಅದನ್ನು ಒಪ್ಪಿಕೊಂಡರೆ ಅರ್ಧ ದಾರಿ ಸಾಗಿದ ಹಾಗೆ.

ಮನೆಗೆ ಹೋದಾಗ ಮಗುವಿನ ಒಂದು ನೋಟ್‌ಬುಕ್ ಜೊತೆಗಿರಲಿ. ಮಗು ಚೆನ್ನಾಗಿ ಮಾಡಿದ ಒಂದು ಪುಟ ತೋರಿಸಿ ಮಾತು ಶುರು ಮಾಡಿ. ಚಿತ್ರ ಇರಬಹುದು, ಲೆಕ್ಕ ಇರಬಹುದು. "ನಿಮ್ಮ ಮಗಳು ಕೋಲಾಟ ಚೆನ್ನಾಗಿ ಆಡ್ತಾಳೆ ಅಕ್ಕ" ಅಂದರೂ ಆಯಿತು, ಆದರೆ ಅದು ನಿಜ ಇರಬೇಕು. ದೂರು ಹೇಳಬೇಡಿ. ದುಡ್ಡಿನ ಮಾತು ಎತ್ತಬೇಡಿ. ರಿಜಿಸ್ಟರ್ ತೆಗೆದು ಬರೆದುಕೊಳ್ಳಬೇಡಿ, ಅದನ್ನು ನೋಡಿದರೆ ಜನ ಗಣತಿಗೆ ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಟೀ ಕೊಟ್ಟರೆ ಕುಡಿಯಿರಿ. ಯಾವ ಕೇರಿ ಅಂತ ನೋಡದೆ ಎಲ್ಲ ಮನೆಯಲ್ಲೂ ಕುಡಿಯಿರಿ. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬೇಡ ಅಂದರೆ ನಿಮ್ಮ ಕೆಲಸ ಅಲ್ಲಿಗೇ ಕೆಟ್ಟಿತು.

ಹೊರಡುವಾಗ ಒಂದೇ ಪ್ರಶ್ನೆ ಕೇಳಿ: "ಯಾವ ದಿನ, ಎಷ್ಟೊತ್ತಿಗೆ ಆದರೆ ನಿಮಗೆ ಶಾಲೆಗೆ ಬರೋಕೆ ಆಗುತ್ತೆ?" ಉತ್ತರವನ್ನು ರಸ್ತೆಗೆ ಬಂದ ಮೇಲೆ ಬರೆದುಕೊಳ್ಳಿ.

ಹಂತ 4: ಒಂದೇ ಒಂದು ಸಮಸ್ಯೆ ಆರಿಸಿ

ಚೀಟಿ ಓದಿ, ಮನೆ ಸುತ್ತಿ ಬಂದ ಮೇಲೆ ನಿಮ್ಮ ಹತ್ತಿರ ಹತ್ತಾರು ಸಮಸ್ಯೆ ಇರುತ್ತವೆ. ಆರಿಸುವಾಗ ಮೂರು ಪ್ರಶ್ನೆ ಹಾಕಿ. ಇದನ್ನು ಎಣಿಸಬಹುದಾ? 6 ವಾರದಲ್ಲಿ ಸ್ವಲ್ಪವಾದರೂ ಬದಲಾವಣೆ ಕಾಣುತ್ತಾ? ಶಿಕ್ಷಕರು, ಮಗು, ಮನೆಯವರು, ಹೆಡ್‌ಮಾಸ್ಟರ್, ನಾಲ್ವರಿಗೂ ಇದರಲ್ಲಿ ಮಾಡುವ ಕೆಲಸ ಇದೆಯಾ?

ಕಾಂಪೌಂಡ್ ಗೋಡೆ, ಖಾಲಿ ಇರುವ ಶಿಕ್ಷಕರ ಹುದ್ದೆ, ಸೋರುವ ಚಾವಣಿ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಅವು ದೊಡ್ಡ ಸಮಸ್ಯೆಗಳೇ. ಆದರೆ ಅವಕ್ಕೆ ದಾರಿ ಬೇರೆ, ಅದನ್ನು ಹಂತ 8ರಲ್ಲಿ ಹೇಳುತ್ತೇನೆ. "ಶಿಸ್ತು", "ಗುಣಮಟ್ಟ", "ಜಾಗೃತಿ" ಕೂಡ ನಿಲ್ಲುವುದಿಲ್ಲ, ಅವನ್ನು ಎಣಿಸಲು ಬರುವುದಿಲ್ಲ. ಸಂತೆ ದಿನ ಮಕ್ಕಳು ಗೈರಾಗುವ ವಿಷಯ ಈ ಪರೀಕ್ಷೆಯಲ್ಲಿ ನಿಲ್ಲುತ್ತದೆ. ನಾಲ್ಕು, ಐದನೇ ತರಗತಿಯಲ್ಲಿ ಕನ್ನಡ ಓದಲು ಬಾರದ ಮಕ್ಕಳ ವಿಷಯವೂ ನಿಲ್ಲುತ್ತದೆ. ಮುಂದಿನ ಹಂತಗಳಿಗೆ ನಾನು ಈ ಓದಿನ ಉದಾಹರಣೆಯನ್ನೇ ಇಟ್ಟುಕೊಳ್ಳುತ್ತೇನೆ.

ಶುರು ಮಾಡುವ ಮೊದಲು ಈಗ ಎಲ್ಲಿದ್ದೇವೆ ಅಂತ ಅಳೆಯಿರಿ. ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿಕೊಂಡು ಎರಡನೇ ತರಗತಿ ಮಟ್ಟದ ಒಂದು ಪ್ಯಾರಾ ಓದಿಸಿ. ಅಕ್ಷರ ಮಾತ್ರ, ಪದ, ವಾಕ್ಯ, ಪೂರ್ತಿ ಪ್ಯಾರಾ: ಈ ನಾಲ್ಕರಲ್ಲಿ ಎಲ್ಲಿದ್ದಾರೆ ಅಂತ ಬರೆದುಕೊಳ್ಳಿ. ಒತ್ತಕ್ಷರ ಬಂದ ಕಡೆ ನಿಲ್ಲುವವರನ್ನು ಬೇರೆ ಗುರುತು ಹಾಕಿ, ಅವರಿಗೆ ಬೇಕಾದ ಸಹಾಯ ಬೇರೆ. ಸಾಧ್ಯವಾದರೆ ಈ ಪರೀಕ್ಷೆಯನ್ನು ಬೇರೆ ತರಗತಿಯ ಶಿಕ್ಷಕರಿಂದ ಮಾಡಿಸಿ. ನಮ್ಮ ಮಕ್ಕಳು ತಡವರಿಸುವಾಗ ನಾವೇ ಬಾಯಿ ಹಾಕಿಬಿಡುತ್ತೇವೆ.

ಹಂತ 5: ಈಗ ಸಭೆ, 45 ನಿಮಿಷ ಮಾತ್ರ

ದಿನ ಆರಿಸುವುದರಲ್ಲೇ ಅರ್ಧ ಗೆಲುವು ಇದೆ. ಸಂತೆ ದಿನ ಬೇಡ. ನಾಟಿ, ಕೊಯ್ಲಿನ ವಾರ ಬೇಡ. ಸೋಮವಾರ ಎತ್ತು ಹೂಡದ ಊರಾದರೆ ಸೋಮವಾರ ಸಂಜೆ ಒಳ್ಳೆಯದು. ಅಮಾವಾಸ್ಯೆ ದಿನ ಹೊಲಕ್ಕೆ ಹೋಗದ ಊರಾದರೆ ಅವತ್ತು ಇಟ್ಟುಕೊಳ್ಳಿ. ಪಟ್ಟಣದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಜಾಸ್ತಿ ಇದ್ದರೆ ಭಾನುವಾರ ಬೆಳಿಗ್ಗೆಯೇ ಸರಿ. ನಮಗೆ ರಜೆ ಹಾಳು, ನಿಜ. ಆದರೆ ಅವರಿಗೆ ಸಂಬಳ ಕಟ್ ಆಗುವುದಿಲ್ಲ.

ವೇದಿಕೆ ಬೇಡ, ಹಾರ ಶಾಲು ಬೇಡ. ಜಮಖಾನ ಹಾಸಿ ಎಲ್ಲರೂ ಸುತ್ತ ಕೂರಿ. ಹೆಡ್‌ಮಾಸ್ಟರ್ ಕೂಡ ಕೆಳಗೇ ಕೂರಲಿ. ನೆಲಕ್ಕೆ ಕೂರಲಾಗದ ಅಜ್ಜ ಅಜ್ಜಿಯರಿಗೆ ಕುರ್ಚಿ ಹಾಕಿ.

ಮೊದಲ 10 ನಿಮಿಷ ಮಕ್ಕಳದ್ದು. ಭಾಷಣ, ಹಾಡು ಅಲ್ಲ. ತಾವು ಹೇಗೆ ಓದುತ್ತೇವೆ ಅಂತ ತೋರಿಸಲಿ, ಒಂದು ಕತೆಯನ್ನು ನಾಲ್ಕೈದು ಮಕ್ಕಳು ಸಾಲು ಸಾಲಾಗಿ ಹಂಚಿಕೊಂಡು ಓದಲಿ. ಓದಲು ಕಷ್ಟಪಡುವ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಬೇಡಿ. ಆಮೇಲೆ 5 ನಿಮಿಷ ನೀವು ಒಟ್ಟು ಲೆಕ್ಕ ಹೇಳಿ: "ನಮ್ಮ ತರಗತಿಯಲ್ಲಿ 24 ಮಕ್ಕಳು. ಪೂರ್ತಿ ಪ್ಯಾರಾ ಓದೋರು 13." ಹೆಸರು ಯಾವ ಕಾರಣಕ್ಕೂ ಬೇಡ. ಆಮೇಲೆ 20 ನಿಮಿಷ ಒಂದೊಂದು ಓಣಿಯವರು ಒಂದೊಂದು ಕಡೆ ಕೂತು ಮಾತಾಡಲಿ. ಮನೆಯಲ್ಲಿ ದಿನಕ್ಕೆ 10 ನಿಮಿಷ ಓದಿಸಲು ಏನು ಅಡ್ಡಿ, ಏನು ಮಾಡಬಹುದು ಅಂತ ಅವರೇ ಹೇಳಲಿ. ಹೆಂಗಸರು ಬೇರೆ ಗುಂಪಾಗಿ ಕೂತರೆ ಬಿಡಿ. ಎಷ್ಟೋ ಕಡೆ ಗಂಡಸರು ಎದುರಿದ್ದರೆ ಅವರು ಬಾಯಿ ಬಿಡುವುದಿಲ್ಲ. ಉಳಿದ 10 ನಿಮಿಷ ಒಪ್ಪಂದ ಬರೆಯಲು.

ಎಚ್ಚರಿಕೆ: ಒಬ್ಬರು ಎದ್ದು ಊರ ರಾಜಕೀಯ ಶುರು ಮಾಡುತ್ತಾರೆ, ಇದು ಆಗಿಯೇ ಆಗುತ್ತದೆ. ವಾದಕ್ಕೆ ಇಳಿಯಬೇಡಿ. "ಅಣ್ಣಾ, ಇದನ್ನು ಬರೆದುಕೊಂಡಿದೀನಿ, ಎಸ್‌ಡಿಎಂಸಿ ಸಭೆಗೆ ಇಡ್ತೀವಿ" ಅಂತ ಹೇಳಿ, ಅವರ ಎದುರೇ ಬರೆದುಕೊಂಡು ಮುಂದೆ ಹೋಗಿ. ಬರೆದದ್ದನ್ನು ಆಮೇಲೆ ನಿಜವಾಗಿ ಇಡಿ.

ಹಂತ 6: ಯಾರು, ಏನು, ಯಾವಾಗ ಅಂತ ಬರೆಯಿರಿ

"ಎಲ್ಲರೂ ಸಹಕರಿಸಬೇಕು" ಅಂತ ಬರೆದರೆ ಯಾರೂ ಏನೂ ಮಾಡುವುದಿಲ್ಲ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಯಾರು, ಏನು, ಯಾವಾಗ, ನೋಡುವವರು ಯಾರು. ಓದಿನ ಉದಾಹರಣೆಯಲ್ಲಿ ಅದು ಹೀಗಿರುತ್ತದೆ.

ಶಿಕ್ಷಕರು: ದಿನಾ ಕೊನೆಯ ಅರ್ಧ ಗಂಟೆ, ಓದಲು ಕಷ್ಟ ಇರುವ ಮಕ್ಕಳನ್ನು ಮೂರು ಸಣ್ಣ ಗುಂಪು ಮಾಡಿ ಓದಿಸುವುದು. ನೋಡುವವರು ಹೆಡ್‌ಮಾಸ್ಟರ್.

ಹೆಡ್‌ಮಾಸ್ಟರ್: ಆ ಅರ್ಧ ಗಂಟೆಗೆ ಬೇರೆ ಕೆಲಸ ಬೀಳದ ಹಾಗೆ ಕಾಯುವುದು, ಲೈಬ್ರರಿ ಬೀರು ತೆಗೆಸಿ ಪುಸ್ತಕ ಮನೆಗೆ ಕಳಿಸಲು ಒಪ್ಪುವುದು. ಪುಸ್ತಕ ಹರಿದರೆ ದಂಡ ಹಾಕುವುದಿಲ್ಲ ಅಂತ ಅವರೇ ಬಾಯಿಬಿಟ್ಟು ಹೇಳಲಿ. ದಂಡದ ಭಯಕ್ಕೇ ಎಷ್ಟೋ ಮನೆಗಳಲ್ಲಿ ಪುಸ್ತಕ ಬ್ಯಾಗಿನಿಂದ ಹೊರಗೆ ಬರುವುದಿಲ್ಲ. ನೋಡುವವರು ಎಸ್‌ಡಿಎಂಸಿಯ ಒಬ್ಬ ಸದಸ್ಯೆ.

ಮಗು: ಮನೆಯಲ್ಲಿ ದಿನಾ 10 ನಿಮಿಷ ಯಾರಿಗಾದರೂ ಜೋರಾಗಿ ಓದಿ ಹೇಳುವುದು. ಅಮ್ಮನಿಗೋ ಅಜ್ಜಿಗೋ, ಪುಟ್ಟ ತಮ್ಮನಿಗಾದರೂ ಸರಿ.

ಮನೆಯವರು: ಪಕ್ಕದಲ್ಲಿ ಕೂತು ಕೇಳುವುದು. ಅಷ್ಟೇ. ತಿದ್ದಬೇಕಿಲ್ಲ. ಓದು ಬಾರದವರೂ ಇದನ್ನು ಮಾಡಬಹುದು, ಸಭೆಯಲ್ಲಿ ಇದನ್ನು ಎರಡು ಸಲ ಹೇಳಿ. ಗುರುತಿಗೆ ಸಹಿ ಕೇಳಬೇಡಿ. ಹೆಬ್ಬೆಟ್ಟು ಒತ್ತುವವರಿಗೆ ದಿನಾ ಅದೊಂದು ನೋವು. ಬದಲಿಗೆ ಹುಣಸೆ ಬೀಜ ಬಳಸಿ. ಕೇಳಿದ ದಿನ ಮನೆಯವರು ಒಂದು ಬೀಜವನ್ನು ಸಣ್ಣ ಡಬ್ಬಿಗೆ ಹಾಕಲಿ. ಶನಿವಾರ ಮಗು ಡಬ್ಬಿ ತರಲಿ. ಎಣಿಸುವ ಸಂಭ್ರಮಕ್ಕೇ ಮಕ್ಕಳು ಮನೆಯಲ್ಲಿ ದೊಡ್ಡವರನ್ನು ಎಳೆದು ಕೂರಿಸುತ್ತಾರೆ.

ಹಣ ಕೇಳುವ ಯಾವ ಸಾಲೂ ಈ ಪುಟದಲ್ಲಿ ಇರಬಾರದು. ಬರೆದ ಮೇಲೆ ಜೋರಾಗಿ ಓದಿ ಹೇಳಿ, ಒಂದು ಪ್ರತಿಯನ್ನು ತರಗತಿಯ ಬಾಗಿಲ ಹತ್ತಿರ ಅಂಟಿಸಿ.

ಹಂತ 7: ಮಧ್ಯದ 6 ವಾರ

ಹೆಚ್ಚಿನ ಪ್ರಯತ್ನಗಳು ಮೂರನೇ ವಾರ ಸಾಯುತ್ತವೆ. ಹೊಸತನ ಹೋಗಿರುತ್ತದೆ, ಫಲ ಇನ್ನೂ ಕಾಣುತ್ತಿರುವುದಿಲ್ಲ. ಅದಕ್ಕೆ ಶನಿವಾರ 10 ನಿಮಿಷ ಮೀಸಲಿಡಿ. ಬೀಜ ಎಣಿಸಿ, ಮಕ್ಕಳೇ ನೋಟ್‌ಬುಕ್‌ನಲ್ಲಿ ಬರೆಯಲಿ. ಯಾರಿಗೆ ಜಾಸ್ತಿ ಅಂತ ಸ್ಪರ್ಧೆ ಮಾಡಬೇಡಿ. ಮಾಡಿದರೆ ಮರುವಾರ ಡಬ್ಬಿ ತುಂಬಿ ಬರುತ್ತದೆ, ಓದು ಮಾತ್ರ ಆಗಿರುವುದಿಲ್ಲ. ತರಗತಿಯ ಒಟ್ಟು ಬೀಜ ಎಷ್ಟು ಅಂತ ಮಾತ್ರ ಹಲಗೆಯ ಮೇಲೆ ಬರೆಯಿರಿ.

ವಾಟ್ಸ್ಆ್ಯಪ್ ಗುಂಪು ಮಾಡುವುದಾದರೆ ವಾರಕ್ಕೆ ಒಂದೇ ಸಂದೇಶ, ಅದೂ ಧ್ವನಿ ಸಂದೇಶ. ಓದು ಬಾರದವರೂ ಕೇಳಬಹುದು. ಗುಂಪಿನಲ್ಲಿ ಯಾವ ಮಗುವಿನ ತಪ್ಪನ್ನೂ ಹಾಕಬೇಡಿ, ಯಾರ ಅಂಕವನ್ನೂ ಹಾಕಬೇಡಿ. ಗುಡ್ ಮಾರ್ನಿಂಗ್ ಚಿತ್ರ, ಪಕ್ಷದ ವಿಡಿಯೊ ಶುರುವಾದರೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ ಮಾಡಿ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳನ್ನು ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಅದೇ ಓಣಿಯ ಇನ್ನೊಂದು ಮಗುವಿನ ಕೈಲಿ ಮಾತು ಮುಟ್ಟಿಸಿ.

ಈ ಗುರುತುಗಳು ಕಂಡರೆ ತಡಮಾಡಬೇಡಿ:

ಒಂದೇ ಮಗುವಿನ ಡಬ್ಬಿ ಎರಡು ವಾರ ಖಾಲಿ ಬಂದರೆ ಮಗುವನ್ನು ಗದರಬೇಡಿ, ಮನೆಗೆ ಹೋಗಿ. ಅಲ್ಲಿ ಏನೋ ಆಗಿರುತ್ತದೆ.

"ಟೀಚರ್ ಹೇಳ್ತಾರೆ, ನೀನು ಓದಲಿಲ್ಲ ಅಂದ್ರೆ ನೋಡು" ಅಂತ ಮನೆಯಲ್ಲಿ ಹೊಡೆತ ಶುರುವಾಗಿದೆ ಅಂತ ತಿಳಿದರೆ ಅವತ್ತೇ ಹೋಗಿ ಮಾತಾಡಿ. ಬೀಜದ ಡಬ್ಬಿಯನ್ನು ಕೆಲವು ದಿನ ನಿಲ್ಲಿಸಿದರೂ ಪರವಾಗಿಲ್ಲ.

ಆ ಅರ್ಧ ಗಂಟೆಗೆ ವಾರದಲ್ಲಿ ಎರಡು ಸಲ ಬೇರೆ ಕೆಲಸ ಬಂದರೆ ಹೆಡ್‌ಮಾಸ್ಟರ್‌ಗೆ ಒಪ್ಪಂದದ ಪುಟ ತೋರಿಸಿ. ಜಗಳ ಬೇಡ, ಪುಟ ತೋರಿಸಿದರೆ ಸಾಕು.

ಹಂತ 8: ಮತ್ತೆ ಕೂರಿ, ಇದ್ದದ್ದು ಇದ್ದ ಹಾಗೆ ಹೇಳಿ

6 ವಾರ ಆದ ಮೇಲೆ ಅದೇ ಮಟ್ಟದ ಇನ್ನೊಂದು ಪ್ಯಾರಾ ಕೊಟ್ಟು, ಮೊದಲು ಅಳೆದವರಿಂದಲೇ ಮತ್ತೆ ಅಳೆಸಿ. ಹಳೆಯದನ್ನೇ ಕೊಟ್ಟರೆ ಬಾಯಿಪಾಠ ಒಪ್ಪಿಸುತ್ತಾರೆ. ಮನೆಯವರನ್ನು ಮತ್ತೆ ಕರೆಯಿರಿ, ಈ ಸಲ ಅರ್ಧ ಗಂಟೆ ಸಾಕು. ಮೊದಲು ಲೆಕ್ಕ ಕೊಡುವವರು ಹೆಡ್‌ಮಾಸ್ಟರ್, ಆಮೇಲೆ ಶಿಕ್ಷಕರು, ಕೊನೆಗೆ ಪೋಷಕರು. ಈ ಕ್ರಮ ತಪ್ಪಿಸಬೇಡಿ. "30 ದಿನ ಓದಿಸ್ತೀನಿ ಅಂದಿದ್ದೆ, 22 ದಿನ ಆಯಿತು, ಚುನಾವಣೆ ಕೆಲಸಕ್ಕೆ 8 ದಿನ ಹೋಯಿತು" ಅಂತ ನೀವೇ ಮೊದಲು ಹೇಳಿದರೆ, ಅವರೂ ತಮ್ಮ ತಪ್ಪಿದ ದಿನಗಳನ್ನು ಮುಚ್ಚಿಡುವುದಿಲ್ಲ. ಪ್ರತಿ ಮಗುವಿನ ಬದಲಾವಣೆಯನ್ನು ಆ ಮನೆಯವರಿಗೆ ಮಾತ್ರ, ಪಕ್ಕಕ್ಕೆ ಕರೆದು ಹೇಳಿ.

ಫಲ ಸಿಗದಿದ್ದರೆ ಮುಚ್ಚಬೇಡಿ. ಯಾವ ಸಾಲು ನಡೆಯಲಿಲ್ಲ ಅಂತ ನೋಡಿ, ಆ ಸಾಲನ್ನು ಮಾತ್ರ ಬದಲಿಸಿ ಇನ್ನೊಂದು 6 ವಾರ ಮಾಡಿ.

ಈಗ ಆ ಕಾಂಪೌಂಡ್, ಚಾವಣಿ, ಖಾಲಿ ಹುದ್ದೆಯ ವಿಷಯ. ಇವನ್ನು ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟು ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. 22ನೇ ಸೆಕ್ಷನ್ ಪ್ರಕಾರ ಶಾಲಾಭಿವೃದ್ಧಿ ಯೋಜನೆ ಮಾಡುವುದು ಆ ಸಮಿತಿಯ ಕೆಲಸ. ಅಂದರೆ ನಿಮ್ಮ ಪಟ್ಟಿಗೆ ಕಾನೂನಿನಲ್ಲೇ ಜಾಗ ಇದೆ. ಶೌಚಾಲಯ, ಕುಡಿಯುವ ನೀರು, ಶಾಲೆ ದಾರಿಯ ತೊಂದರೆಗಳನ್ನು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಲಿ. ಅವರಿಗೆ ಹೇಳಿಕೊಟ್ಟ ಭಾಷಣ ಬೇಡ, ತಮ್ಮ ಚೀಟಿಯಲ್ಲಿ ಬರೆದದ್ದನ್ನೇ ಹೇಳಲಿ. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಈ 21ನೇ ಸೆಕ್ಷನ್ ಅನ್ವಯಿಸುವುದಿಲ್ಲ. ಅಲ್ಲಿ ಪೋಷಕರ ಸಂಘದ ಮೂಲಕ ಹೋಗಿ, ಉಳಿದ ಹಂತಗಳೆಲ್ಲ ಹಾಗೇ ನಡೆಯುತ್ತವೆ.

ನೋಟ್‌ಬುಕ್ ಯಾರ ಹತ್ತಿರ ಇರಬೇಕು?

ಶಿಕ್ಷಕರ ಬ್ಯಾಗಿನಲ್ಲಿ ಬೇಡ. ವರ್ಗಾವಣೆ ಆದ ದಿನ ನೋಟ್‌ಬುಕ್ ಕೂಡ ಹೊರಟುಬಿಡುತ್ತದೆ, ಹೊಸದಾಗಿ ಬಂದವರು ಮತ್ತೆ ಒಂದರಿಂದ ಶುರು ಮಾಡಬೇಕಾಗುತ್ತದೆ. ಅದನ್ನು ನಡಾವಳಿ ಪುಸ್ತಕದ ಜೊತೆ ಶಾಲೆಯ ಬೀರುವಿನಲ್ಲಿಡಿ. ಆದರೆ ಮಕ್ಕಳ ಹೆಸರಿರುವ ಓದಿನ ಅಳತೆಯ ಹಾಳೆಗಳನ್ನು ಬೇರೆ ಲಕೋಟೆಗೆ ಹಾಕಿ ಅಂಟಿಸಿಡಿ. ಮಕ್ಕಳ ಚೀಟಿಗಳನ್ನು ಮಾತ್ರ ಯಾರಿಗೂ ದಾಟಿಸಬೇಡಿ. ಪೊಲೀಸರಿಗೋ ಸಹಾಯವಾಣಿಗೋ ತಿಳಿಸಿದ ವಿಷಯದ ಚೀಟಿ ಇದ್ದರೆ ಅದನ್ನು ಹೆಡ್‌ಮಾಸ್ಟರ್ ಬೀಗದಲ್ಲಿಡಲಿ. ಉಳಿದವನ್ನು ಅಡುಗೆ ಮನೆಯ ಒಲೆಗೆ ಹಾಕಿಬಿಡಿ. ಹಾಕಿದ್ದೇವೆ ಅಂತ ಮಕ್ಕಳಿಗೂ ಹೇಳಿ.